ಕ್ಯಾಶ್‌ನಲ್ಲಿ ಉಳಿದ ಆ್ಯಪ್, ಬದಲಾಗುವ ಎಪಿಐ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್‌ವರ್ಕ್ ಇಲ್ಲದಿದ್ದರೂ ತೆರೆದುಕೊಳ್ಳುವ ವೆಬ್ ಆ್ಯಪ್‌ಗಳನ್ನು ಕಟ್ಟುವವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಲ್ಲಿ ಹೆಚ್ಚಾಗಿ ಒಂದೇ ಉದಾಹರಣೆಯನ್ನು ಬಳಸಿದ್ದೇನೆ: ಎಪಿಎಂಸಿಗಳ ಅಡಿಕೆ ಧಾರಣೆಯನ್ನು ಎಪಿಐ (ಆ್ಯಪ್‌ಗಳು ಸರ್ವರಿನಿಂದ ಮಾಹಿತಿ ಕೇಳಿ ಪಡೆಯುವ ದ್ವಾರ) ಮೂಲಕ ತರಿಸಿ ತೋರಿಸುವ ಒಂದು ಆ್ಯಪ್. ಶಿರಸಿ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುವುದರಿಂದ ಇಂಥ ಆ್ಯಪ್ ಕ್ಯಾಶ್ (ಮತ್ತೆ ಬಳಸಲು ಉಳಿಸಿಟ್ಟ ಪ್ರತಿಗಳ ಸಂಗ್ರಹ) ಇಲ್ಲದೆ ನಡೆಯುವುದಿಲ್ಲ. ಧಾರಣೆ ದಿನವೂ ಬದಲಾಗುವುದರಿಂದ ಕ್ಯಾಶ್‌ನಲ್ಲಿರುವುದನ್ನು ಹಾಗೆಯೇ ನಂಬುವಂತೆಯೂ ಇಲ್ಲ.

## ಆರಂಭದ ಪ್ರಶ್ನೆಗಳು

ಸರ್ವರಿಗೆ ಹೊಸ ಕೋಡ್ ಹಾಕಿ ಎರಡು ದಿನ ಆಯ್ತು. ಕೆಲವರಿಗೆ ಇನ್ನೂ ಹಳೇ ಆ್ಯಪೇ ಕಾಣ್ತಿದೆ, ಯಾಕೆ?

ಸರ್ವರಿನಲ್ಲಿರುವ ಕಡತಕ್ಕೂ ಬಳಕೆದಾರರ ಪರದೆಗೂ ನಡುವೆ ಸಾಮಾನ್ಯವಾಗಿ ಮೂರು ಕಡೆ ಪ್ರತಿಗಳು ಉಳಿದಿರುತ್ತವೆ: ಸಿಡಿಎನ್‌ನಲ್ಲಿ (ಕಡತಗಳ ಪ್ರತಿಗಳನ್ನು ಬಳಕೆದಾರರ ಹತ್ತಿರದಿಂದ ಹಂಚುವ ಸರ್ವರ್‌ಗಳ ಜಾಲ), ಬ್ರೌಸರ್ ತಾನಾಗಿ ಇಟ್ಟುಕೊಳ್ಳುವ ಎಚ್‌ಟಿಟಿಪಿ ಕ್ಯಾಶ್‌ನಲ್ಲಿ, ಮತ್ತು ನಿಮ್ಮ ಸರ್ವಿಸ್ ವರ್ಕರ್ (ಪುಟಕ್ಕೂ ನೆಟ್‌ವರ್ಕಿಗೂ ನಡುವೆ ಬ್ರೌಸರಿನಲ್ಲಿ ಓಡುವ ನಿಮ್ಮ ಕೋಡ್) ತಾನೇ ತುಂಬಿಟ್ಟುಕೊಂಡ ಕ್ಯಾಶ್ ಸ್ಟೋರೇಜ್‌ನಲ್ಲಿ. ಮೊದಲನೆಯದನ್ನು ನೀವು ಕೈಯಾರೆ ಖಾಲಿ ಮಾಡಬಹುದು. ಎರಡನೆಯದು ನೀವು ಹಿಂದೆ ಕಳಿಸಿದ ಹೆಡರ್‌ಗಳಿಗೆ (ಉತ್ತರದ ಜೊತೆ ಹೋಗುವ ಸೂಚನೆಗಳಿಗೆ) ಬದ್ಧವಾಗಿ ನಡೆಯುತ್ತದೆ. ಮೂರನೆಯದು ನೀವು ಬರೆದ ಕೋಡ್ ಹೇಳಿದಂತೆ ಮಾತ್ರ ಕೇಳುತ್ತದೆ, ಮತ್ತು ಆ ಕೋಡ್ ಕೂಡ ಹಳೆಯದೇ ಆಗಿರುತ್ತದೆ. ಅಷ್ಟೇ ಅಲ್ಲದೆ, ವಾರಗಟ್ಟಲೆ ಆ್ಯಪ್ ತೆರೆಯದ ಬಳಕೆದಾರರ ಫೋನಿಗೆ ನಿಮ್ಮ ಹೊಸ ಬಿಲ್ಡ್ (ಬಿಡುಗಡೆಗೆ ಸಿದ್ಧಪಡಿಸಿದ ಆವೃತ್ತಿ) ಬಂದಿರುವ ವಿಷಯವೇ ಗೊತ್ತಿರುವುದಿಲ್ಲ. ಆದ್ದರಿಂದ ಯಾವುದೇ ಕ್ಷಣದಲ್ಲಿ ನಿಮ್ಮ ಆ್ಯಪ್‌ನ ಹಲವು ಆವೃತ್ತಿಗಳು ಒಟ್ಟಿಗೆ ಚಾಲನೆಯಲ್ಲಿರುತ್ತವೆ ಎಂಬುದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಬೇಕು. ಮುಂದಿನ ಎಲ್ಲ ಉತ್ತರಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ರಿಫ್ರೆಶ್ ಮಾಡಿದ್ರೂ ಹೊಸದು ಬರಲ್ಲ, ಇದು ಬ್ರೌಸರಿನ ದೋಷ ಅಲ್ವಾ?

ಅಲ್ಲ, ಬೇಕೆಂದೇ ಹಾಗೆ ಮಾಡಲಾಗಿದೆ. ಬಳಕೆದಾರರು ನಿಮ್ಮ ಆ್ಯಪ್‌ನ ಪುಟವೊಂದಕ್ಕೆ ಬಂದಾಗ ಬ್ರೌಸರ್ ಸರ್ವಿಸ್ ವರ್ಕರ್ ಕಡತವನ್ನು ಮತ್ತೆ ತರಿಸಿಕೊಂಡು, ತನ್ನಲ್ಲಿರುವ ಪ್ರತಿಯೊಂದಿಗೆ ಬೈಟ್ ಬೈಟ್ ಹೋಲಿಸುತ್ತದೆ. ಒಂದು ಬೈಟ್ ಬೇರೆಯಾಗಿದ್ದರೂ ಹೊಸ ವರ್ಕರನ್ನು ಇನ್‌ಸ್ಟಾಲ್ ಮಾಡುತ್ತದೆ. ಆದರೆ ಹಳೆಯ ವರ್ಕರಿನ ಅಧೀನದಲ್ಲಿ ಒಂದಾದರೂ ಪುಟ ತೆರೆದಿರುವವರೆಗೆ ಹೊಸದನ್ನು ಕಾಯುವ ಸ್ಥಿತಿಯಲ್ಲೇ ಇಡುತ್ತದೆ. ರಿಫ್ರೆಶ್ ಮಾಡಿದಾಗ ಹೊಸ ಪುಟದ ಉತ್ತರ ಬರತೊಡಗುವವರೆಗೂ ಹಳೆಯ ಪುಟ ಜೀವಂತವಾಗಿರುವುದರಿಂದ, ಹಳೆಯ ವರ್ಕರಿಗೆ ಪುಟವೇ ಇಲ್ಲ ಎನ್ನುವ ಕ್ಷಣ ಬರುವುದೇ ಇಲ್ಲ. ಎಲ್ಲ ಟ್ಯಾಬ್‌ಗಳನ್ನು ಮುಚ್ಚಿ ಮತ್ತೆ ತೆರೆದರೆ ಹೊಸದು ಬರುತ್ತದೆ.

ಬಳಕೆದಾರರಿಗೆ 'ಕ್ಯಾಶ್ ಕ್ಲಿಯರ್ ಮಾಡಿ' ಅಂತ ಹೇಳಿದ್ರೆ ಸಾಲದೇ?

ದಯವಿಟ್ಟು ಹೇಳಬೇಡಿ. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋದವರು ಕ್ಯಾಶ್ ಜೊತೆಗೆ ಸೈಟ್ ಡೇಟಾವನ್ನೂ ಅಳಿಸಿದರೆ, ಸಿಗ್ನಲ್ ಇಲ್ಲದಾಗ ಬರೆದಿಟ್ಟು ಇನ್ನೂ ಸರ್ವರಿಗೆ ತಲುಪದ ದಾಖಲೆಗಳು ಮರಳಿ ಸಿಗದಂತೆ ಹೋಗುತ್ತವೆ. ಆ್ಯಪ್ ಕಟ್ಟಿದವರು ಮಾಡಬೇಕಾದ ಕೆಲಸವನ್ನು ಬಳಕೆದಾರರ ಹೆಗಲಿಗೆ ಹಾಕುವುದೂ ಸರಿಯಲ್ಲ.

'ನೋ-ಕ್ಯಾಶ್' ಅಂದ್ರೆ ಕ್ಯಾಶ್ ಮಾಡಬೇಡ ಅಂತ ತಾನೇ? ಯಾವ ಫೈಲಿಗೆ ಯಾವ ಹೆಡರ್ ಕೊಡಬೇಕು?

ಈ ಹೆಡರ್ ಬಹಳ ಜನರ ದಾರಿ ತಪ್ಪಿಸಿದೆ. ನೋ-ಕ್ಯಾಶ್ ಎಂದರೆ ಪ್ರತಿಯನ್ನು ಇಟ್ಟುಕೊಳ್ಳಬಹುದು, ಆದರೆ ಬಳಸುವ ಮುನ್ನ ಪ್ರತಿ ಸಲವೂ ಸರ್ವರನ್ನು ಕೇಳಬೇಕು ಎಂದರ್ಥ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂದು ಸಣ್ಣ ಉತ್ತರ ಕೊಡುತ್ತದೆ. ಇಟ್ಟುಕೊಳ್ಳಲೇಬಾರದು ಎನ್ನಲು ನೋ-ಸ್ಟೋರ್ ಬೇಕು. ಮುಖ್ಯ ಎಚ್‌ಟಿಎಂಎಲ್ ಕಡತಕ್ಕೆ, ಸರ್ವಿಸ್ ವರ್ಕರ್ ಕಡತಕ್ಕೆ, ಮ್ಯಾನಿಫೆಸ್ಟ್‌ಗೆ (ಆ್ಯಪ್‌ನ ಹೆಸರು, ಐಕಾನ್ ಮುಂತಾದ ವಿವರಗಳ ಕಡತಕ್ಕೆ) ನೋ-ಕ್ಯಾಶ್ ಕೊಡಿ. ಹೆಸರಿನಲ್ಲಿಯೇ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು) ಹೊತ್ತ ಜಾವಾಸ್ಕ್ರಿಪ್ಟ್ ಮತ್ತು ಸಿಎಸ್‌ಎಸ್ ಕಡತಗಳಿಗೆ ಒಂದು ವರ್ಷದ, ಅಂದರೆ 31536000 ಸೆಕೆಂಡುಗಳ ಮ್ಯಾಕ್ಸ್-ಏಜ್ ಜೊತೆಗೆ 'ಇಮ್ಯೂಟಬಲ್' (ಬದಲಾಗದು) ಕೊಡಿ. ಒಳಗಿನ ವಿಷಯ ಬದಲಾದರೆ ಹೆಸರೂ ಬದಲಾಗುವುದರಿಂದ ಅಲ್ಲಿ ಅಪಾಯವಿಲ್ಲ.

ಯಾವ ಹೆಡರನ್ನೂ ಕೊಡದಿರುವುದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಆಗ ಬ್ರೌಸರ್ ಕಡತದ ಕೊನೆಯ ಬದಲಾವಣೆಯ ದಿನಾಂಕವನ್ನು ನೋಡಿ, ಅದರ ವಯಸ್ಸಿನ ಸುಮಾರು ಹತ್ತನೇ ಒಂದು ಭಾಗದಷ್ಟು ಕಾಲ ಪ್ರತಿಯನ್ನು ತಾಜಾ ಎಂದೇ ಭಾವಿಸಬಹುದು. ನೂರು ದಿನ ಮುಟ್ಟದ ಎಚ್‌ಟಿಎಂಎಲ್ ಕಡತವನ್ನು ಇಂದು ಬದಲಿಸಿದರೆ, ನಿನ್ನೆ ಆ್ಯಪ್ ತೆರೆದವರಿಗೆ ಇನ್ನೂ ಒಂಬತ್ತು ದಿನ ಹಳೆಯದೇ ಕಾಣಬಹುದು.

## ಡಿಪ್ಲಾಯ್ ಮಾಡುವಾಗ (ಹೊಸ ಕೋಡನ್ನು ಸರ್ವರಿಗೆ ಹಾಕುವಾಗ)

ಸ್ಕಿಪ್‌ವೇಟಿಂಗ್ ಹಾಕಿಬಿಟ್ರೆ ಎಲ್ಲ ಸರಿಹೋಗುತ್ತೆ ಅಂತಾರೆ. ಹಾಕಲಾ?

ಅದು ಏನು ಮಾಡುತ್ತದೆ ಎಂದು ತಿಳಿದು ಹಾಕಿ. ಸ್ಕಿಪ್‌ವೇಟಿಂಗ್ ಕರೆದರೆ ಹೊಸ ವರ್ಕರ್ ಕಾಯದೆ ತಕ್ಷಣ ಅಧಿಕಾರ ವಹಿಸಿಕೊಳ್ಳುತ್ತದೆ. ಆದರೆ ಪರದೆಯ ಮೇಲಿರುವ ಪುಟ ಹಳೆಯ ಬಿಲ್ಡಿನದೇ. ಹೊಸ ವರ್ಕರ್ ಆ್ಯಕ್ಟಿವೇಟ್ ಆಗುವಾಗ ಹಳೆಯ ಕ್ಯಾಶ್‌ಗಳನ್ನು ಅಳಿಸುವುದು ವಾಡಿಕೆ. ಅಳಿಸಿದ ಮೇಲೆ ಆ ಹಳೆಯ ಪುಟ ತನ್ನ ಇನ್ನೊಂದು ಚಂಕನ್ನು (ಬೇಕಾದಾಗ ಮಾತ್ರ ತರಿಸಿಕೊಳ್ಳುವ ಕೋಡಿನ ತುಂಡನ್ನು) ಕೇಳಿದರೆ ಅದು ಕ್ಯಾಶ್‌ನಲ್ಲೂ ಇರುವುದಿಲ್ಲ, ಸರ್ವರಿನಲ್ಲೂ ಇರದೇ ಹೋಗಬಹುದು. ಪುಟಕ್ಕೂ ವರ್ಕರಿಗೂ ನಡುವೆ ಓಡಾಡುವ ಸಂದೇಶಗಳ ಸ್ವರೂಪ ಬದಲಾಗಿದ್ದರೆ ಆಗುವ ಗೊಂದಲ ಇನ್ನೂ ಹೆಚ್ಚು.

ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಮಾರ್ಗ ಇದು: ಹೊಸ ವರ್ಕರ್ ಕಾಯುತ್ತಿರುವುದು ತಿಳಿದಾಗ 'ಹೊಸ ಆವೃತ್ತಿ ಸಿದ್ಧವಾಗಿದೆ' ಎಂಬ ಸಣ್ಣ ಪಟ್ಟಿಯನ್ನು ತೋರಿಸಿ, ಬಳಕೆದಾರರು ಒಪ್ಪಿದಾಗ ವರ್ಕರಿಗೆ ಸಂದೇಶ ಕಳಿಸಿ ಸ್ಕಿಪ್‌ವೇಟಿಂಗ್ ಮಾಡಿಸಿ, ವರ್ಕರ್ ಬದಲಾಯಿತೆಂದು ತಿಳಿಸುವ 'ಕಂಟ್ರೋಲರ್‌ಚೇಂಜ್' ಘಟನೆ ಬಂದ ಮೇಲೆ ಪುಟವನ್ನು ಒಮ್ಮೆ ರಿಲೋಡ್ ಮಾಡುವುದು. ಬೇರೆ ಟ್ಯಾಬ್‌ಗಳಿಗೂ ಅದೇ ಘಟನೆ ತಲುಪುವುದನ್ನು ಮರೆಯಬೇಡಿ. ಅಲ್ಲಿ ಯಾರೋ ಫಾರಂ ತುಂಬುತ್ತಿದ್ದರೆ ಕೇಳದೆ ರಿಲೋಡ್ ಮಾಡುವುದು ಅನ್ಯಾಯವಾಗುತ್ತದೆ.

ಡಿಪ್ಲಾಯ್ ಆದ ತಕ್ಷಣ ಕೆಲವರಿಗೆ ಪುಟ ಬಿಳಿಯಾಗಿ ನಿಂತುಬಿಡುತ್ತೆ. ಕನ್ಸೋಲಿನಲ್ಲಿ ಚಂಕ್ ಲೋಡ್ ಎರರ್ ಇರುತ್ತೆ.

ಹಳೆಯ ಎಚ್‌ಟಿಎಂಎಲ್ ಹೇಳುವ ಹ್ಯಾಶ್‌ನ ಕಡತವನ್ನು ನಿಮ್ಮ ಡಿಪ್ಲಾಯ್ ಅಳಿಸಿಹಾಕಿದೆ. ಬೆಳಿಗ್ಗೆ ಆ್ಯಪ್ ತೆರೆದು ಶಿವಮೊಗ್ಗದ ಧಾರಣೆ ನೋಡುತ್ತಿದ್ದವರು ಮಧ್ಯಾಹ್ನ 'ಹಿಂದಿನ ತಿಂಗಳ ನಕ್ಷೆ' ಒತ್ತುತ್ತಾರೆ. ನಕ್ಷೆಯ ಕೋಡ್ ಬೇರೆ ಚಂಕಿನಲ್ಲಿದೆ, ಆ ಚಂಕ್ ಈಗ ಇಲ್ಲ. ಹಲವು ಸಿಂಗಲ್ ಪೇಜ್ ಆ್ಯಪ್‌ಗಳ (ಒಂದೇ ಪುಟ ತೆರೆದು ಒಳಗಿನದನ್ನಷ್ಟೇ ಬದಲಿಸುವ ಆ್ಯಪ್‌ಗಳ) ಸರ್ವರ್, ತನ್ನಲ್ಲಿ ಇಲ್ಲದ ವಿಳಾಸಕ್ಕೆಲ್ಲ ಮುಖ್ಯ ಎಚ್‌ಟಿಎಂಎಲ್ ಅನ್ನೇ 200 (ಎಲ್ಲ ಸರಿ) ಎಂದು ಹೇಳಿ ಕಳಿಸುವುದರಿಂದ, ಬ್ರೌಸರ್ ಜಾವಾಸ್ಕ್ರಿಪ್ಟ್ ಕೇಳಿದಾಗ ಎಚ್‌ಟಿಎಂಎಲ್ ಸಿಗುತ್ತದೆ. ಆ ಫೋಲ್ಡರಿಗೆ ಒಂದು ವರ್ಷದ ಹೆಡರ್ ಇದ್ದರೆ ಈ ತಪ್ಪು ಉತ್ತರವೇ ಸಿಡಿಎನ್‌ನಲ್ಲಿ ಬೇರುಬಿಡುತ್ತದೆ.

ಪರಿಹಾರ ಮೂರು ಹಂತದ್ದು. ಹ್ಯಾಶ್ ಇರುವ ಹಳೆಯ ಕಡತಗಳನ್ನು ಕೆಲವು ವಾರವಾದರೂ ಸರ್ವರಿನಲ್ಲಿ ಉಳಿಸಿಕೊಳ್ಳಿ. ಜಾಗದ ಖರ್ಚು ಅತ್ಯಲ್ಪ. ಕಡತಗಳ ಫೋಲ್ಡರಿನಲ್ಲಿ ಇಲ್ಲದ್ದನ್ನು ಕೇಳಿದರೆ ನಿಜವಾದ 404 (ಸಿಗಲಿಲ್ಲ) ಕೊಡಿ. ಚಂಕ್ ಸಿಗದಾಗ ಪುಟವನ್ನು ಒಂದೇ ಒಂದು ಸಲ ರಿಲೋಡ್ ಮಾಡಿ, ಮಾಡಿದ್ದನ್ನು ಸೆಷನ್ ಸ್ಟೋರೇಜ್‌ನಲ್ಲಿ (ಟ್ಯಾಬ್ ಮುಚ್ಚುವವರೆಗೆ ಉಳಿಯುವ ಜಾಗದಲ್ಲಿ) ಗುರುತು ಹಾಕಿಕೊಳ್ಳಿ; ಇಲ್ಲದಿದ್ದರೆ ಪುಟ ಕೊನೆಯಿಲ್ಲದೆ ರಿಲೋಡ್ ಆಗುತ್ತಲೇ ಇರುತ್ತದೆ.

ಆ್ಯಪನ್ನು ದಿನಗಟ್ಟಲೆ ಮುಚ್ಚದೇ ಇಟ್ಟವರಿಗೆ ಅಪ್‌ಡೇಟ್ ಹೇಗೆ ತಲುಪಿಸೋದು?

ಸಿಂಗಲ್ ಪೇಜ್ ಆ್ಯಪ್‌ನ ಒಳಗಿನ ಓಡಾಟವನ್ನು ಬ್ರೌಸರ್ ಪುಟ ಬದಲಾವಣೆ ಎಂದು ಲೆಕ್ಕ ಹಾಕದ ಕಾರಣ ಅದು ಅಪ್‌ಡೇಟನ್ನು ಹುಡುಕಲು ಹೋಗುವುದಿಲ್ಲ. ಟ್ಯಾಬ್ ಮತ್ತೆ ಕಣ್ಣಿಗೆ ಬಿದ್ದಾಗ ಸರ್ವಿಸ್ ವರ್ಕರ್ ನೋಂದಣಿಯ 'ಅಪ್‌ಡೇಟ್' ಕರೆಯನ್ನು ನೀವೇ ಮಾಡಿ. ಗಂಟೆಗೊಮ್ಮೆಗಿಂತ ಹೆಚ್ಚು ಬೇಡ. ಎರಡು ಜಿಬಿ ಪ್ಯಾಕಿನಲ್ಲಿ ತಿಂಗಳು ದೂಡುವವರೂ ನಿಮ್ಮ ಬಳಕೆದಾರರೇ.

## ಎಪಿಐ ಬದಲಾದಾಗ

ಎಪಿಐ ಉತ್ತರದಲ್ಲಿ ಒಂದು ಫೀಲ್ಡಿನ (ಮಾಹಿತಿ ಅಂಶದ) ಹೆಸರು ಬದಲಿಸಬೇಕು. ಆ್ಯಪ್, ಎಪಿಐ ಎರಡನ್ನೂ ಒಂದೇ ರಾತ್ರಿ ಡಿಪ್ಲಾಯ್ ಮಾಡಿದ್ರೆ ಆಯ್ತಲ್ಲ?

ಆಗುವುದಿಲ್ಲ. ನಿಮ್ಮ ಎಪಿಐ ಆ ರಾತ್ರಿಯೇ ಬದಲಾಗುತ್ತದೆ. ಆ್ಯಪ್ ಬದಲಾಗುವುದು ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ದಿನ. ನಡುವಿನ ಅಷ್ಟೂ ಕಾಲ ಹಳೆಯ ಆ್ಯಪ್ ಹೊಸ ಎಪಿಐಯನ್ನು ಕೇಳುತ್ತಿರುತ್ತದೆ.

ಆದ್ದರಿಂದ ಮೊದಲು ಸೇರಿಸಿ, ಆಮೇಲೆ ತೆಗೆಯಿರಿ. 'ಬೆಲೆ' ಎಂಬ ಫೀಲ್ಡನ್ನು 'ಸರಾಸರಿ ಬೆಲೆ' ಎಂದು ಬದಲಿಸಬೇಕಿದ್ದರೆ, ಎಪಿಐ ಮೊದಲು ಎರಡನ್ನೂ ಕೊಡಲಿ. ನಂತರ ಹೊಸ ಫೀಲ್ಡನ್ನು ಓದುವ ಆ್ಯಪ್ ಹೊರಡಲಿ. ಹಳೆಯ ಆ್ಯಪ್‌ನಿಂದ ಬರುವ ಕೋರಿಕೆಗಳು ನಿಂತುಹೋದದ್ದನ್ನು ಲಾಗ್‌ನಲ್ಲಿ ಕಣ್ಣಾರೆ ಕಂಡ ಮೇಲೆ ಮಾತ್ರ ಹಳೆಯ ಫೀಲ್ಡನ್ನು ತೆಗೆಯಿರಿ. ಇದು ನಿಧಾನದ ಕೆಲಸ ನಿಜ, ಆದರೆ ಪ್ರತಿ ಹೆಜ್ಜೆಯಲ್ಲೂ ಹಿಂದಕ್ಕೆ ಬರುವ ದಾರಿ ತೆರೆದಿರುತ್ತದೆ. ಆ್ಯಪ್ ಕಡೆಯಲ್ಲಿ, ತನಗೆ ಗೊತ್ತಿಲ್ಲದ ಫೀಲ್ಡ್ ಬಂದರೆ ಸುಮ್ಮನೆ ಬಿಟ್ಟು ಮುಂದುವರಿಯುವಂತೆ ಬರೆದಿರಬೇಕು. ಹೆಚ್ಚುವರಿ ಫೀಲ್ಡ್ ಕಂಡೊಡನೆ ಕೆಟ್ಟುಹೋಗುವ ಆ್ಯಪ್‌ಗೆ 'ಮೊದಲು ಸೇರಿಸಿ' ಎಂಬ ಹೆಜ್ಜೆಯೇ ಮುಳುವಾಗುತ್ತದೆ.

ಹೆಸರು ಬದಲಾದರೆ ಕನಿಷ್ಠ ದೋಷವಾದರೂ ಕಾಣಿಸುತ್ತದೆ. ಹೆಸರು ಹಾಗೇ ಇದ್ದು ಅರ್ಥ ಬದಲಾದರೆ ಅದೂ ಕಾಣಿಸುವುದಿಲ್ಲ. ಕ್ವಿಂಟಲಿಗೆ 48,000 ರೂಪಾಯಿ ಎಂದು ಕೊಡುತ್ತಿದ್ದ ಎಪಿಐ ಒಂದು ದಿನದಿಂದ ಕಿಲೋ ಲೆಕ್ಕದಲ್ಲಿ 480 ಎಂದು ಅದೇ ಫೀಲ್ಡಿನಲ್ಲಿ ಕೊಟ್ಟರೆ, ಕ್ಯಾಶ್‌ನಲ್ಲಿರುವ ಹಳೆಯ ಆ್ಯಪ್ 'ಕ್ವಿಂಟಲಿಗೆ 480' ಎಂದು ಯಾವ ಎಚ್ಚರಿಕೆಯೂ ಇಲ್ಲದೆ ತೋರಿಸುತ್ತದೆ. ಅರ್ಥ, ಮಾನ ಅಥವಾ ಕಾಲವಲಯ ಬದಲಾಗುವುದಾದರೆ ಹೊಸ ಹೆಸರನ್ನೇ ಕೊಡಿ. ಇದರಲ್ಲಿ ರಾಜಿ ಬೇಡ.

ಎಪಿಐ ನಮ್ಮದಲ್ಲ. ಅವರು ಹೇಳದೆ ಕೇಳದೆ ಬದಲಿಸಿದ್ರೆ ನಾವೇನು ಮಾಡೋದು?

ಬೇರೆಯವರ ಎಪಿಐಯನ್ನು ಬಳಕೆದಾರರ ಬ್ರೌಸರಿನಿಂದ ನೇರವಾಗಿ ಕರೆಯದಿರುವುದು ಮೊದಲ ರಕ್ಷಣೆ. ನಡುವೆ ನಿಮ್ಮದೇ ಸಣ್ಣ ಸರ್ವರ್ ಇರಲಿ. ಅದು ಹೊರಗಿನ ಉತ್ತರವನ್ನು ಓದಿ, ಪರೀಕ್ಷಿಸಿ, ನಿಮ್ಮ ಸ್ವರೂಪಕ್ಕೆ ತಿರುಗಿಸಿ ಕೊಡಲಿ. ಹೊರಗೆ ಏನೇ ಬದಲಾದರೂ ನೀವು ತಿದ್ದಬೇಕಾದದ್ದು ಒಂದೇ ಕಡೆ, ಮತ್ತು ಆ ತಿದ್ದುಪಡಿ ಯಾರ ಫೋನನ್ನೂ ಕಾಯಬೇಕಿಲ್ಲ. ಎಪಿಐ ಕೀ (ಎಪಿಐ ಬಳಸಲು ಬೇಕಾದ ಗುಪ್ತ ಸಂಕೇತ) ಬ್ರೌಸರಿನಲ್ಲಿ ಬಯಲಾಗದಿರುವುದು ಇದರ ಇನ್ನೊಂದು ಲಾಭ.

ಪರೀಕ್ಷೆ ಏಕೆ ಬೇಕು ಎನ್ನುವುದಕ್ಕೆ ದಿನಾಂಕವನ್ನು ನೋಡಿ. ವರ್ಷ-ತಿಂಗಳು-ದಿನ ಎಂದು ಕೊಡುತ್ತಿದ್ದ ಎಪಿಐ ದಿನ/ತಿಂಗಳು/ವರ್ಷಕ್ಕೆ ತಿರುಗಿತು ಎಂದುಕೊಳ್ಳಿ. ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ '03/04/2025' ಕೊಟ್ಟರೆ ಕ್ರೋಮ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. ತಿಂಗಳ ಮೊದಲ ಹನ್ನೆರಡು ದಿನ ಹೀಗೆ ಸದ್ದಿಲ್ಲದೆ ತಪ್ಪು ದಿನಾಂಕ ಕಾಣಿಸಿ, ಹದಿಮೂರನೆಯ ತಾರೀಕಿಗೆ ಮಾತ್ರ ದೋಷ ಹೊರಗೆ ಬೀಳುತ್ತದೆ. ನಿಮ್ಮ ನಡುವಿನ ಸರ್ವರ್ ಸ್ವರೂಪವನ್ನು ಕಟ್ಟುನಿಟ್ಟಾಗಿ ನೋಡುತ್ತಿದ್ದರೆ ಮೊದಲ ದಿನವೇ ಎಚ್ಚರಿಕೆ ಬರುತ್ತದೆ, ಮತ್ತು ಅದು ಹಿಂದಿನ ಸರಿಯಾದ ಉತ್ತರವನ್ನೇ ಅದರ ದಿನಾಂಕದೊಂದಿಗೆ ಕೊಡುತ್ತಿರಬಹುದು.

ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಹೇಳಿಯೇ ಬದಲಿಸುತ್ತವೆ. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಗ್ರಾಫ್ ಎಪಿಐಯ ಪ್ರತಿ ಆವೃತ್ತಿಗೂ ಕನಿಷ್ಠ ಎರಡು ವರ್ಷದ ಭರವಸೆ ಇದೆ. ಪಾವತಿ ಸೇವೆ ನೀಡುವ ಸ್ಟ್ರೈಪ್ ದಿನಾಂಕದ ಹೆಸರಿನ ಆವೃತ್ತಿಗಳನ್ನು ಕೊಟ್ಟು ನಿಮ್ಮ ಖಾತೆಯನ್ನು ಒಂದಕ್ಕೆ ಕಟ್ಟಿಡುತ್ತದೆ. ಇನ್‌ಸ್ಟಾಗ್ರಾಂನ ಬೇಸಿಕ್ ಡಿಸ್‌ಪ್ಲೇ ಎಪಿಐ 2024ರ ಡಿಸೆಂಬರ್ 4ರಂದು ನಿಂತಿತು, ಅದನ್ನೂ ತಿಂಗಳುಗಳ ಮೊದಲೇ ತಿಳಿಸಲಾಗಿತ್ತು. ಇಂಥ ಪ್ರಕಟಣೆಗಳು ಬರುವ ಇಮೇಲ್ ವಿಳಾಸ ಕೆಲಸ ಬಿಟ್ಟುಹೋದ ಒಬ್ಬರದಾಗಿರದೆ ಇಡೀ ತಂಡದ್ದಾಗಿರಲಿ.

ಎಪಿಐ ಉತ್ತರಗಳನ್ನೂ ಸರ್ವಿಸ್ ವರ್ಕರ್‌ನಲ್ಲಿ ಕ್ಯಾಶ್ ಮಾಡಬಹುದಾ?

ಮಾಡಬಹುದು, ಆದರೆ ಆ್ಯಪ್‌ನ ಕಡತಗಳ ಕ್ಯಾಶ್‌ನಿಂದ ಬೇರೆಯಾಗಿ. ಡೇಟಾ ಕ್ಯಾಶ್‌ನ ಹೆಸರಿನಲ್ಲಿ ಡೇಟಾದ ಸ್ವರೂಪದ ಸಂಖ್ಯೆ ಇರಲಿ, ಬಿಲ್ಡಿನ ಸಂಖ್ಯೆ ಬೇಡ. ಇಲ್ಲದಿದ್ದರೆ ಬಟನ್ನಿನ ಬಣ್ಣ ಬದಲಿಸಿದ ಬಿಲ್ಡಿಗೂ ಬಳಕೆದಾರರ ಆಫ್‌ಲೈನ್ ಡೇಟಾವೆಲ್ಲ ಅಳಿದುಹೋಗುತ್ತದೆ. ಯಶಸ್ವಿ ಉತ್ತರಗಳನ್ನು ಮಾತ್ರ ಇಡಿ, ಮತ್ತು ಕೆಲವು ಎಪಿಐಗಳು ದೋಷದ ಸಂದೇಶವನ್ನೂ 200 ಎಂದೇ ಕಳಿಸುವುದರಿಂದ ಒಳಗಿನ ವಿಷಯವನ್ನೂ ನೋಡಿ ಇಡಿ. ಲಾಗಿನ್ ಆದವರ ಖಾಸಗಿ ಉತ್ತರಗಳನ್ನು ಲಾಗೌಟ್ ಆದಾಗ ಅಳಿಸಲೇಬೇಕು. ಒಂದೇ ಫೋನನ್ನು ಮನೆಯವರೆಲ್ಲ ಬಳಸುವುದು ನಮ್ಮಲ್ಲಿ ಸಾಮಾನ್ಯ.

ಧಾರಣೆಯಂಥ ಮಾಹಿತಿಗೆ ಮೊದಲು ನೆಟ್‌ವರ್ಕನ್ನು ಕೇಳಿ, ಮೂರು-ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಕ್ಯಾಶ್‌ನಿಂದ ಕೊಡುವುದು ಸೂಕ್ತ. ಆಗ 'ಸೋಮವಾರ ಸಂಜೆ 5ರ ಧಾರಣೆ' ಎಂದು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಿ. ಹಳೆಯ ಬೆಲೆಯನ್ನು ಇಂದಿನದು ಎಂದು ನಂಬಿದ ಬೆಳೆಗಾರರು ಗಾಡಿಗೆ ಚೀಲ ಏರಿಸಿಬಿಡಬಹುದು. ಆ ನಷ್ಟವನ್ನು ಯಾವ ಅಪ್‌ಡೇಟೂ ತುಂಬಿಕೊಡುವುದಿಲ್ಲ.

ಹಳೇ ವಿ1 (ಮೊದಲ ಆವೃತ್ತಿಯ) ಎಪಿಐ ಅನ್ನು ಯಾವಾಗ ಮುಚ್ಚಬಹುದು?

ಯಾರು ಬಳಸುತ್ತಿದ್ದಾರೆ ಎಂದು ಎಣಿಸಲು ಸಾಧ್ಯವಾದಾಗ. ಅದಕ್ಕಾಗಿ ಪ್ರತಿ ಕೋರಿಕೆಯಲ್ಲೂ ಆ್ಯಪ್ ತನ್ನ ಬಿಲ್ಡ್ ಸಂಖ್ಯೆಯನ್ನು ಒಂದು ಹೆಡರಿನಲ್ಲಿ ಕಳಿಸಲಿ. ಎಪಿಐ ಬೇರೆ ಡೊಮೈನಿನಲ್ಲಿದ್ದರೆ ಆ ಹೆಡರಿಗೆ ಸಿಒಆರ್‌ಎಸ್ (ಬೇರೆ ಡೊಮೈನಿನ ಪುಟಗಳಿಗೆ ಸರ್ವರ್ ಕೊಡುವ) ಅನುಮತಿ ಬೇಕು. ಮುಚ್ಚುವ ದಿನವನ್ನು ತಿಳಿಸಲು 2019ರ ಆರ್‌ಎಫ್‌ಸಿ (ಅಂತರ್ಜಾಲದ ತಾಂತ್ರಿಕ ದಾಖಲೆ) 8594 ವಿವರಿಸುವ 'ಸನ್‌ಸೆಟ್' ಹೆಡರ್ ಇದೆ. ಈ ಎಪಿಐ ಇನ್ನು ಬಳಸಬೇಡಿ ಎನ್ನಲು 2025ರ ಆರ್‌ಎಫ್‌ಸಿ 9745ರ 'ಡೆಪ್ರಿಕೇಶನ್' ಹೆಡರ್ ಇದೆ. ಇವನ್ನು ಕಂಡು ಬ್ರೌಸರ್ ತಾನಾಗಿ ಏನನ್ನೂ ಮಾಡುವುದಿಲ್ಲ, ನಿಮ್ಮ ಕೋಡೇ ಓದಬೇಕು.

ಮುಚ್ಚಿದ ಮೇಲೆ 410 (ಶಾಶ್ವತವಾಗಿ ತೆಗೆಯಲಾಗಿದೆ) ಕೊಡಿ. ಆ 410 ಕಂಡಾಗ 'ಆ್ಯಪ್ ಹಳೆಯದಾಗಿದೆ, ಹೊಸದನ್ನು ತರುತ್ತಿದ್ದೇವೆ' ಎಂದು ಹೇಳಿ ಅಪ್‌ಡೇಟ್ ಮಾಡಿಕೊಳ್ಳುವ ಕೋಡ್ ಹಳೆಯ ಆ್ಯಪ್‌ನಲ್ಲಿ ಮೊದಲೇ ಇರಬೇಕು. ಅದನ್ನು ಮೊಟ್ಟಮೊದಲ ಬಿಡುಗಡೆಯಲ್ಲೇ ಸೇರಿಸಿ. ಹೊರಗೆ ಹೋದ ಬಿಲ್ಡಿಗೆ ಆಮೇಲೆ ಏನನ್ನೂ ಕಲಿಸಲಾಗುವುದಿಲ್ಲ.

## ಇನ್ನಷ್ಟು ಆಳದ ಪ್ರಶ್ನೆಗಳು

ಸಿಗ್ನಲ್ ಇಲ್ಲದಾಗ ಬರೆದ ದಾಖಲೆಗಳು ಹಳೇ ಸ್ವರೂಪದಲ್ಲೇ ಕ್ಯೂನಲ್ಲಿವೆ. ಅಷ್ಟರಲ್ಲಿ ಎಪಿಐ ಬದಲಾಯ್ತು. ಈಗ?

ಕ್ಯೂನಲ್ಲಿರುವ ಪ್ರತಿ ದಾಖಲೆಯೂ ತನ್ನ ಸ್ವರೂಪದ ಸಂಖ್ಯೆಯನ್ನು ಹೊತ್ತಿರಬೇಕು. ಸಿದ್ಧಪಡಿಸಿದ ಕೋರಿಕೆಯನ್ನೇ ಕ್ಯೂಗೆ ಹಾಕುವ ಬದಲು, 'ಈ ಲಾಟನ್ನು ಇಷ್ಟು ತೂಕಕ್ಕೆ ನಮೂದಿಸು' ಎಂಬಂಥ ಉದ್ದೇಶವನ್ನು ಉಳಿಸಿ, ಕಳಿಸುವ ಗಳಿಗೆಯಲ್ಲಿ ಆಗಿನ ಎಪಿಐಗೆ ಹೊಂದುವ ಕೋರಿಕೆಯನ್ನು ಕಟ್ಟಿ. ಪ್ರತಿ ದಾಖಲೆಗೂ ಫೋನಿನಲ್ಲೇ ಹುಟ್ಟಿಸಿದ ವಿಶಿಷ್ಟ ಗುರುತು ಇರಲಿ; ಉತ್ತರ ಬರುವ ಮುನ್ನ ಸಿಗ್ನಲ್ ಹೋಗಿ ಮತ್ತೆ ಕಳಿಸಿದರೂ ಸರ್ವರ್ ಅದನ್ನು ಎರಡು ಸಲ ಬರೆದುಕೊಳ್ಳುವುದಿಲ್ಲ. ಸರ್ವರ್ ತಿರಸ್ಕರಿಸಿದ್ದನ್ನು ಅಳಿಸಬೇಡಿ, ಪಕ್ಕಕ್ಕಿಟ್ಟು ಬಳಕೆದಾರರಿಗೆ ತೋರಿಸಿ.

ಬ್ಯಾಕ್‌ಗ್ರೌಂಡ್ ಸಿಂಕ್ (ಸಿಗ್ನಲ್ ಬಂದಾಗ ಹಿನ್ನೆಲೆಯಲ್ಲೇ ಕ್ಯೂ ಕಳಿಸುವ ಸೌಲಭ್ಯ) ಸಫಾರಿ ಮತ್ತು ಫೈರ್‌ಫಾಕ್ಸ್‌ನಲ್ಲಿ ಇಲ್ಲದಿರುವುದರಿಂದ ಆ್ಯಪ್ ತೆರೆದಾಗಲೂ ಕ್ಯೂ ಖಾಲಿ ಮಾಡುವ ವ್ಯವಸ್ಥೆ ಬೇಕು. 2020ರಿಂದ, ಬಳಕೆದಾರರು ಸಫಾರಿಯನ್ನು ಏಳು ದಿನ ಬಳಸಿಯೂ ಒಂದು ತಾಣವನ್ನು ತೆರೆಯದಿದ್ದರೆ, ಸಫಾರಿ ಆ ತಾಣದ ಸ್ಥಳೀಯ ಡೇಟಾವನ್ನು ಅಳಿಸಿಬಿಡುತ್ತದೆ. ಹೋಮ್ ಸ್ಕ್ರೀನಿಗೆ ಸೇರಿಸಿದ ಆ್ಯಪ್‌ಗೆ ಮಾತ್ರ ಇದರಿಂದ ವಿನಾಯಿತಿ.

ಇಂಡೆಕ್ಸ್ಡ್‌ಡಿಬಿ (ಬ್ರೌಸರಿನೊಳಗಿನ ಡೇಟಾಬೇಸ್) ವರ್ಷನ್ ಏರಿಸಿದಾಗ ಆ್ಯಪ್ ತೆರೆಯದೇ ಹಾಗೇ ನಿಂತುಬಿಡುತ್ತೆ.

ಇನ್ನೊಂದು ಟ್ಯಾಬಿನಲ್ಲಿರುವ ಹಳೆಯ ಬಿಲ್ಡ್ ಅದೇ ಡೇಟಾಬೇಸನ್ನು ತೆರೆದುಕೊಂಡು ಕೂತಿದೆ. ಅದಕ್ಕೆ 'ವರ್ಷನ್‌ಚೇಂಜ್' ಘಟನೆ ಬಂದಾಗ ಸಂಪರ್ಕವನ್ನು ಮುಚ್ಚುವ ಕೋಡ್ ಇರಬೇಕು. ಹೊಸ ಬಿಲ್ಡಿನಲ್ಲಿ 'ಬ್ಲಾಕ್ಡ್' ಘಟನೆ ಬಂದರೆ ಇತರ ಟ್ಯಾಬ್‌ಗಳನ್ನು ಮುಚ್ಚುವಂತೆ ಕೇಳುವ ಸಂದೇಶ ಇರಬೇಕು. ಏರಿಸಿದ ಸಂಖ್ಯೆಯನ್ನು ಇಳಿಸಲಾಗುವುದಿಲ್ಲ ಎಂಬುದನ್ನೂ ಗಮನಿಸಿ: ಬಿಲ್ಡನ್ನು ಹಿಂದಕ್ಕೆ ತಂದರೆ ಹಳೆಯ ಕೋಡ್ ಕಡಿಮೆ ಸಂಖ್ಯೆಯನ್ನು ಕೇಳಿ ದೋಷ ಪಡೆಯುತ್ತದೆ. ಹಾಗಾಗಿ ಡೇಟಾಬೇಸ್ ಬದಲಾವಣೆಯನ್ನು ಬೇರೆ ಯಾವುದೇ ಬದಲಾವಣೆಯ ಜೊತೆ ಬೆರೆಸದೆ ಅದೊಂದನ್ನೇ ಬಿಡುಗಡೆ ಮಾಡಿ.

ಕೆಟ್ಟ ಸರ್ವಿಸ್ ವರ್ಕರ್ ಹೊರಗೆ ಹೋಗಿಬಿಟ್ಟಿದೆ. ವಾಪಸ್ ತೆಗೆದುಕೊಳ್ಳೋದು ಹೇಗೆ?

ಗಾಬರಿಯಲ್ಲಿ ಕಡತವನ್ನು ಅಳಿಸಬೇಡಿ, ಹೆಸರನ್ನೂ ಬದಲಿಸಬೇಡಿ. ವಿಳಾಸದಲ್ಲಿ 404 ಬಂದರೆ ಅಪ್‌ಡೇಟ್ ವಿಫಲವಾಗುತ್ತದೆಯೇ ಹೊರತು ಕೆಟ್ಟ ವರ್ಕರ್ ಹೋಗುವುದಿಲ್ಲ. ಹೆಸರು ಬದಲಿಸಿದರೆ, ಕೆಟ್ಟ ವರ್ಕರ್ ಕ್ಯಾಶ್‌ನಿಂದ ಕೊಡುವ ಹಳೆಯ ಎಚ್‌ಟಿಎಂಎಲ್ ಹಳೆಯ ಹೆಸರನ್ನೇ ನೋಂದಾಯಿಸುತ್ತಿರುತ್ತದೆ. ಅದೇ ವಿಳಾಸದಲ್ಲಿ ಒಂದು ಖಾಲಿ ವರ್ಕರನ್ನು ಇಡಿ: ಇನ್‌ಸ್ಟಾಲ್‌ನಲ್ಲಿ ಸ್ಕಿಪ್‌ವೇಟಿಂಗ್, ಆ್ಯಕ್ಟಿವೇಟ್‌ನಲ್ಲಿ ಕೆಟ್ಟ ಕ್ಯಾಶ್‌ಗಳ ಅಳಿಕೆ, ತೆರೆದ ಪುಟಗಳ ರಿಲೋಡ್, ಫೆಚ್ ಹ್ಯಾಂಡ್ಲರ್ (ಪುಟದ ಕೋರಿಕೆಗಳನ್ನು ನಡುವೆ ಹಿಡಿದು ಉತ್ತರಿಸುವ ಕೋಡ್) ಬೇಡ. ಸ್ಕಿಪ್‌ವೇಟಿಂಗ್ ಬಗ್ಗೆ ಮೇಲೆ ಹೇಳಿದ ಎಚ್ಚರಿಕೆ ಇಲ್ಲಿ ಅನ್ವಯಿಸುವುದಿಲ್ಲ, ಏಕೆಂದರೆ ಪುಟ ಈಗಾಗಲೇ ಕೆಟ್ಟಿದೆ. 2018ರಲ್ಲಿ ಕ್ರೋಮ್ 68 ಬಂದಂದಿನಿಂದ ವರ್ಕರ್ ಕಡತದ ಅಪ್‌ಡೇಟ್ ಪರೀಕ್ಷೆ ಎಚ್‌ಟಿಟಿಪಿ ಕ್ಯಾಶನ್ನು ಬದಿಗಿಟ್ಟು ನೇರವಾಗಿ ಸರ್ವರನ್ನೇ ಕೇಳುತ್ತದೆ, ಆದ್ದರಿಂದ ಮುಂದಿನ ಸಲ ಆ್ಯಪ್ ತೆರೆದವರಿಗೆ ಪರಿಹಾರ ತಲುಪುತ್ತದೆ. 'ಕ್ಲಿಯರ್-ಸೈಟ್-ಡೇಟಾ' ಹೆಡರಿಗೆ 'ಸ್ಟೋರೇಜ್' ಎಂದು ಕೊಟ್ಟರೆ ವರ್ಕರ್ ಜೊತೆಗೆ ಇಂಡೆಕ್ಸ್ಡ್‌ಡಿಬಿಯೂ ಅಳಿಯುತ್ತದೆ. ಕ್ಯೂನಲ್ಲಿ ದಾಖಲೆಗಳಿರುವ ಆ್ಯಪ್‌ಗೆ ಅದು ತಕ್ಕದ್ದಲ್ಲ.

ಇದನ್ನೆಲ್ಲ ಪರೀಕ್ಷೆ ಮಾಡೋದು ಹೇಗೆ? ನಮ್ಮ ಮೆಷಿನ್‌ನಲ್ಲಿ ಯಾವಾಗಲೂ ಸರಿಯಾಗೇ ಇರುತ್ತೆ.

ಬ್ರೌಸರಿನ ಡೆವ್‌ಟೂಲ್ಸ್‌ನಲ್ಲಿ (ಡೆವಲಪರ್ ಸಾಧನಗಳಲ್ಲಿ) 'ಅಪ್‌ಡೇಟ್ ಆನ್ ರಿಲೋಡ್' ಗುರುತು ಹಾಕಿಕೊಂಡು ಕೆಲಸ ಮಾಡುವುದೇ ಇದಕ್ಕೆ ಕಾರಣ. ಅದು ಕಾಯುವ ಸ್ಥಿತಿಯನ್ನೇ ಮರೆಮಾಡುತ್ತದೆ. ಬಿಡುಗಡೆಗೆ ಮುನ್ನ ಅದನ್ನು ತೆಗೆದು, ಹಿಂದಿನ ಬಿಲ್ಡನ್ನು ತೆರೆದು, ಎರಡನೆಯ ಟ್ಯಾಬಿನಲ್ಲೂ ಅದನ್ನೇ ತೆರೆದಿಟ್ಟು, ಹೊಸದನ್ನು ಸ್ಟೇಜಿಂಗ್ (ಪ್ರಯೋಗದ) ಸರ್ವರಿಗೆ ಹಾಕಿ ಏನಾಗುತ್ತದೆ ನೋಡಿ. ಕೊನೆಯ ಕೆಲವು ಬಿಡುಗಡೆಗಳ ಬಿಲ್ಡ್‌ಗಳನ್ನು ಉಳಿಸಿಕೊಂಡು, ಎಪಿಐ ಬದಲಾದಾಗಲೆಲ್ಲ ಬ್ರೌಸರನ್ನು ತಾನಾಗಿ ನಡೆಸಿ ಪರೀಕ್ಷಿಸುವ ಪ್ಲೇರೈಟ್‌ನಂಥ ಸಾಧನದಿಂದ ಆ ಹಳೆಯ ಬಿಲ್ಡ್‌ಗಳನ್ನು ಹೊಸ ಎಪಿಐ ವಿರುದ್ಧ ಓಡಿಸಿ: ಧಾರಣೆ ಪಟ್ಟಿ ತೆರೆಯಬೇಕು, ಬೆಲೆಯ ಪಕ್ಕ ಸರಿಯಾದ ಮಾನ ಇರಬೇಕು, ಕ್ಯೂನಲ್ಲಿದ್ದ ಒಂದು ದಾಖಲೆ ಸರ್ವರಿಗೆ ಒಂದೇ ಸಲ ತಲುಪಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎಪಿಐ ಬದಲಾವಣೆಯನ್ನು ತಡೆಹಿಡಿಯಿರಿ.